ಎರಡು ಬಣಕ್ಕೂ ಸಲ್ಲದ ಪಂಡಿತ

ಯುರೋಪಿನ ಮಧ್ಯಯುಗ ಮುಗಿದುದು ಎಂದು ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು 1453 ಎಂದೋ 1492 ಎಂದೋ ಉತ್ತರ ಕೊಡುತ್ತವೆ. ಆದರೆ ಹಳೆಯ ಯುಗವೂ ಹೊಸ ಯುಗವೂ ಒಬ್ಬನೇ ಮನುಷ್ಯನ ಎದೆಯಲ್ಲಿ ಬಹುಕಾಲ ಒಟ್ಟಿಗೆ ಬಾಳುವುದುಂಟು. ಇದಕ್ಕೆ ನಿದರ್ಶನವಾಗಿ ನನಗೆ ಮೊದಲು ನೆನಪಾಗುವವನು ಎರಾಸ್ಮಸ್.

ಆತನು 1460ರ ದಶಕದ ಉತ್ತರಾರ್ಧದಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಹುಟ್ಟಿದನು. ತಂದೆ ಪಾದ್ರಿಯಾದುದರಿಂದ ಮಗನ ಜನ್ಮಕ್ಕೆ ಧರ್ಮದ ಮನ್ನಣೆಯಿರಲಿಲ್ಲ. ತಾಯಿತಂದೆಗಳು ತೀರಿದ ಮೇಲೆ ಹುಡುಗನು ಸ್ಟೈನ್ ಎಂಬಲ್ಲಿನ ಮಠವನ್ನು ಸೇರಿ, 1492ರಲ್ಲಿ ತಾನೂ ಪಾದ್ರಿಯಾದನು. ಮಠದ ಕಟ್ಟಳೆಗಳು ಅವನಿಗೆ ಒಗ್ಗಲಿಲ್ಲ. ಮನಸ್ಸು ಗ್ರಂಥಗಳಿಗೆ ಒಲಿದಿತ್ತು. ಪ್ಯಾರಿಸಿನಲ್ಲಿ ಓದಿದನು, 1499ರಲ್ಲಿ ಇಂಗ್ಲೆಂಡಿಗೆ ಹೋಗಿ ಥಾಮಸ್ ಮೋರನ ಗೆಳೆತನವನ್ನು ಸಂಪಾದಿಸಿದನು. ಗ್ರೀಕ್ ಭಾಷೆಯನ್ನು ಗಂಭೀರವಾಗಿ ಅಭ್ಯಾಸ ಮಾಡಿದುದು ಮೂವತ್ತರ ಹೊತ್ತಿಗೆ.

ಆ ಅಭ್ಯಾಸದ ಫಲವೇ 1516ರಲ್ಲಿ ಬಾಸೆಲ್ ನಗರದ ಫ್ರೋಬೆನನ ಅಚ್ಚುಕೂಟದಿಂದ ಹೊರಬಂದ ಗ್ರೀಕ್ ಹೊಸ ಒಡಂಬಡಿಕೆ. ಜೊತೆಯಲ್ಲಿ ಆತನದೇ ಲ್ಯಾಟಿನ್ ಅನುವಾದವೂ ಟಿಪ್ಪಣಿಗಳೂ ಇದ್ದುವು. ಬಳಕೆಯಲ್ಲಿದ್ದ ಲ್ಯಾಟಿನ್ ಪಾಠದಲ್ಲಿ ಪ್ರಾಯಶ್ಚಿತ್ತಾಚರಣೆ ಎಂದು ತಿಳಿಯಲಾಗುತ್ತಿದ್ದ ಕಡೆ ಗ್ರೀಕ್ ಮೂಲವು ಮನಃಪರಿವರ್ತನೆಯನ್ನು ಹೇಳುತ್ತದೆಂದು ಆತನು ತೋರಿಸಿದನು. ಒಂದು ಪದದ ಅರ್ಥ ಕದಲಿದರೆ, ಅದರ ಮೇಲೆ ನಿಂತ ಆಚಾರವೂ ಕದಲದೆ ಇದ್ದೀತೆ?

ಮರುವರ್ಷವೇ ಲೂಥರನ ಬಂಡಾಯ ಆರಂಭವಾಯಿತು. ಲೂಥರನು ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ತಂದುದು ಎರಾಸ್ಮಸನ ಗ್ರೀಕ್ ಪಾಠದ ಎರಡನೆಯ ಮುದ್ರಣದ ಆಧಾರದಿಂದ. ಎರಾಸ್ಮಸನಿಗಾದರೋ ಚರ್ಚು ತಿದ್ದಿಕೊಳ್ಳಬೇಕಿತ್ತು, ಒಡೆಯಬಾರದಿತ್ತು. 1524ರಲ್ಲಿ ಆತನು ಮಾನವನ ಇಚ್ಛಾಸ್ವಾತಂತ್ರ್ಯವನ್ನು ಸಮರ್ಥಿಸಿ ಬರೆದನು. ಲೂಥರನು ಮರುವರ್ಷ ಅದನ್ನು ಉಗ್ರವಾಗಿ ಖಂಡಿಸಿದನು. ಒಂದು ಬಣಕ್ಕೆ ಆತನು ಹಿಂಜರಿದವನಾದನು, ಇನ್ನೊಂದಕ್ಕೆ ದ್ರೋಹದ ಬೀಜ ಬಿತ್ತಿದವನಾದನು. 1529ರಲ್ಲಿ ಬಾಸೆಲ್ ಹೊಸ ಪಂಥವನ್ನು ಅಂಗೀಕರಿಸಿದಾಗ ಫ್ರೈಬರ್ಗಿಗೆ ಹೊರಟುಹೋದನು. 1535ರಲ್ಲಿ ಇಂಗ್ಲೆಂಡಿನ ಅರಸನು ಮೋರನ ಶಿರಚ್ಛೇದ ಮಾಡಿಸಿದನು. ಅದೇ ವರ್ಷ ಬಾಸೆಲ್ಲಿಗೆ ಮರಳಿದ ಎರಾಸ್ಮಸನು 1536ರ ಜುಲೈಯಲ್ಲಿ ತೀರಿಕೊಂಡನು. ಕಡೆಯವರೆಗೂ ರೋಮಿನ ಚರ್ಚನ್ನು ತೊರೆಯದ ಆತನನ್ನು ಸಮಾಧಿ ಮಾಡಿದುದು ಆಗಲೇ ಪ್ರೊಟೆಸ್ಟಂಟರದಾಗಿದ್ದ ದೇವಾಲಯದಲ್ಲಿ. ಆದರೂ 1559ರಲ್ಲಿ ಪೋಪರ ನಿಷೇಧಪಟ್ಟಿ ಆತನ ಗ್ರಂಥಗಳನ್ನೆಲ್ಲ ಒಳಗೊಂಡಿತು.

ಎರಾಸ್ಮಸನನ್ನು ಹೇಡಿಯೆಂದು ಕರೆದವರುಂಟು. ಮೋರನಂತೆ ತಲೆಗೊಡುವ ಕೆಚ್ಚು ಆತನಲ್ಲಿರಲಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆತನ ಮೊದಲ ಮುದ್ರಣವನ್ನು ನೋಡಿ: ಅವಸರದ ಕೆಲಸ, ತುಂಬ ತಪ್ಪುಗಳು. ಹಸ್ತಪ್ರತಿಯ ಕೊನೆಯ ಹಾಳೆ ಇಲ್ಲದಿದ್ದುದರಿಂದ ಕಡೆಯ ವಾಕ್ಯಗಳನ್ನು ಲ್ಯಾಟಿನ್ನಿನಿಂದಲೇ ಗ್ರೀಕಿಗೆ ತಿರುಗಿಸಿಕೊಂಡಿದ್ದನು. ಆತನು ಅಲ್ಲಿಗೇ ನಿಲ್ಲಲಿಲ್ಲ. 1519, 1522, 1527, 1535 ಹೀಗೆ ಮತ್ತೆ ನಾಲ್ಕು ಸಲ, ಸಾವಿನ ಹಿಂದಿನ ವರ್ಷದವರೆಗೆ, ಅದನ್ನು ತಿದ್ದಿ ಅಚ್ಚು ಹಾಕಿಸಿದನು. ಪೂಜ್ಯವಾದ ಪಾಠವನ್ನೂ ಮೂಲದೊಡನೆ ಹೋಲಿಸಬಹುದು, ತನ್ನ ಬರಹವನ್ನೂ ಮತ್ತೆ ತಿದ್ದಬಹುದು ಎಂಬ ಈ ಅಭ್ಯಾಸದಲ್ಲಿಯೇ ಹೊಸ ಯುಗದ ಆರಂಭವನ್ನು ನಾನು ಕಾಣುತ್ತೇನೆ.