ಬ್ಯಾಸ್ಕೆಟ್‌ಬಾಲ್ ಜನಕ ಡಾ. ಜೇಮ್ಸ್ ನೇಸ್ಮಿತ್

ನಮ್ಮ ದೇವಾಲಯದ ಹಿಂಬದಿಯ ಶಾಲಾ ಮೈದಾನದಲ್ಲಿ ಸಂಜೆಯ ಹೊತ್ತು ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳ ಗದ್ದಲ ಕೇಳಿಸದ ದಿನವೇ ಇಲ್ಲ. ಈ ವರ್ಷ ವ್ಯಾಯಾಮ ಶಿಕ್ಷಕರಿಗೆ ನೆರವಾಗಲೆಂದು ನಮ್ಮ ಧರ್ಮಕೇಂದ್ರದ ಕೆಲವು ಯುವಕ ಯುವತಿಯರು ಸಹಾಯಕ ತರಬೇತುದಾರರಾಗಿ ಮುಂದೆ ಬಂದಿದ್ದಾರೆ. ಅವರಲ್ಲೊಬ್ಬನು ಒಂದು ಸಂಜೆ ನನ್ನ ಬಳಿಗೆ ಬಂದು, ತಾನು ಅಷ್ಟೇನೂ ಒಳ್ಳೆಯ ಆಟಗಾರನಲ್ಲವೆಂದೂ, ಹೀಗಿರುವಾಗ ಇತರರನ್ನು ತಿದ್ದುವ ಅರ್ಹತೆ ತನಗೆ ಎಲ್ಲಿಂದ ಬಂದೀತೆಂದೂ ಕೇಳಿದನು. ಆಗ ನಾನು ಏನೋ ಒಂದು ಸಮಾಧಾನ ಹೇಳಿ ಕಳುಹಿಸಿದೆ. ಆ ಉತ್ತರ ನನಗೇ ತೃಪ್ತಿ ಕೊಡಲಿಲ್ಲ. ಆದುದರಿಂದ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಆಟವನ್ನು ಜಗತ್ತಿಗೆ ಕೊಟ್ಟ ಮಹನೀಯರ ಜೀವನವನ್ನು ಬರೆಯುವ ಮೂಲಕ ಅವನ ಪ್ರಶ್ನೆಗೆ ಮತ್ತೊಮ್ಮೆ ಉತ್ತರಿಸಲು ಯತ್ನಿಸುತ್ತೇನೆ.

ಜೇಮ್ಸ್ ನೇಸ್ಮಿತ್ ಅವರು ಕೆನಡಾ ದೇಶದ ಆಂಟೇರಿಯೋ ಪ್ರಾಂತ್ಯದ ಆಲ್ಮಾಂಟ್ ಎಂಬ ಊರಿನ ಬಳಿ 1861ರ ನವೆಂಬರ್ 6ರಂದು ಜನಿಸಿದರು. ತಂದೆತಾಯಿಗಳು ಸ್ಕಾಟ್ಲೆಂಡ್ ಮೂಲದವರು. 1870ರಲ್ಲಿ ವಿಷಮಶೀತ ಜ್ವರವು ಆ ಮನೆಯನ್ನು ಹೊಕ್ಕು ತಂದೆತಾಯಿಗಳಿಬ್ಬರನ್ನೂ ಕೊಂಡೊಯ್ದಿತು. ಒಂಬತ್ತರ ಹರೆಯದಲ್ಲಿ ಅನಾಥನಾದ ಬಾಲಕನನ್ನು ಅಜ್ಜಿಯೂ, ಆಕೆಯ ತರುವಾಯ ಅವಿವಾಹಿತರಾದ ಸೋದರಮಾವ ಪೀಟರ್ ಯಂಗ್ ಅವರೂ ಸಾಕಿದರು. ಹಳ್ಳಿಯ ಮಕ್ಕಳು ಆಗ ಒಂದು ಆಟವಾಡುತ್ತಿದ್ದರು. ದೊಡ್ಡ ಬಂಡೆಯೊಂದರ ಮೇಲೆ ಮುಷ್ಟಿಗಾತ್ರದ ಕಲ್ಲನ್ನಿಟ್ಟು ದೂರದಿಂದ ಕಲ್ಲೆಸೆದು ಅದನ್ನು ಉರುಳಿಸಬೇಕು. ನಮ್ಮ ಲಗೋರಿಯ ದೂರದ ನೆಂಟ ಎನ್ನಬಹುದು. ರಭಸದಿಂದ ನೇರವಾಗಿ ಎಸೆದವನ ಕಲ್ಲು ಗುರಿ ತಪ್ಪಿದರೆ ಎಲ್ಲೋ ದೂರ ಹೋಗಿ ಬೀಳುತ್ತಿತ್ತು. ಮೆಲ್ಲಗೆ ಕಮಾನಿನಂತೆ ಮೇಲೆತ್ತಿ ಎಸೆದವನೇ ಜಾಣ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಹದಿನೈದರ ಸುಮಾರಿಗೆ ಶಾಲೆ ಬಿಟ್ಟ ಹುಡುಗನು ಮರ ಕಡಿಯುವವರ ಶಿಬಿರಗಳಲ್ಲಿ ಕೆಲವು ವರ್ಷ ದುಡಿದನು. ಮತ್ತೆ ಮನಸ್ಸು ತಿರುಗಿ ಶಾಲೆಗೆ ಬಂದು, ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ 1887ರಲ್ಲಿ ಪದವಿಯನ್ನೂ, ಅಲ್ಲಿಯ ಪ್ರೆಸ್ಬಿಟೇರಿಯನ್ ಕಾಲೇಜಿನಲ್ಲಿ ದೈವಶಾಸ್ತ್ರದ ವ್ಯಾಸಂಗವನ್ನು 1890ರಲ್ಲಿಯೂ ಪೂರೈಸಿದನು. ನೇಸ್ಮಿತ್ ಅವರು ಕಥೋಲಿಕರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆದರೂ ಗುರುಮಠದಲ್ಲಿ ಬೆಳೆದ ನನ್ನಂಥವನಿಗೆ ಅವರ ಅಂದಿನ ಇಕ್ಕಟ್ಟು ಚೆನ್ನಾಗಿ ಅರ್ಥವಾಗುತ್ತದೆ. ದೈವಶಾಸ್ತ್ರದ ವಿದ್ಯಾರ್ಥಿಯು ಫುಟ್‌ಬಾಲ್ ಆಡುವುದು ಆ ಕಾಲದ ಭಕ್ತರಿಗೆ ಸರಿಬೀಳುತ್ತಿರಲಿಲ್ಲ. ಸ್ವಂತ ಸೋದರಿಗೂ ಅದು ಹಿಡಿಸಲಿಲ್ಲ. ಪಂದ್ಯದಲ್ಲಿ ಪೆಟ್ಟು ತಿಂದು ಕಪ್ಪಾದ ಕಣ್ಣುಗಳೊಡನೆ ಅವರು ಪ್ರಸಂಗಪೀಠವೇರಿದ್ದೂ ಉಂಟು. ಒಮ್ಮೆ ಆಟದ ನಡುವೆ ಸಂಗಡಿಗನೊಬ್ಬನು ಸಿಟ್ಟಿನಿಂದ ಬೈದು, ಪಕ್ಕದಲ್ಲಿ ನೇಸ್ಮಿತ್ ಇರುವುದನ್ನು ಕಂಡೊಡನೆ ನಾಚಿ ಕ್ಷಮೆ ಬೇಡಿದನು. ನೇಸ್ಮಿತ್ ಅವನಿಗೆ ಎಂದೂ ಬುದ್ಧಿ ಹೇಳಿರಲಿಲ್ಲ. ಸುಮ್ಮನೆ ಜೊತೆಯಲ್ಲಿ ಆಡಿದ್ದರು, ಅಷ್ಟೆ. ಪ್ರಸಂಗಪೀಠದಿಂದಲ್ಲದೆ ಮೈದಾನದಿಂದಲೂ ತರುಣರ ಬಾಳನ್ನು ತಿದ್ದಬಹುದೆಂಬ ಅರಿವು ಅವರಿಗೆ ಆ ಪ್ರಸಂಗದಿಂದ ಮೂಡಿತು.

1890ರಲ್ಲಿ ಅವರು ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರಕ್ಕೆ ಬಂದರು. ವೈ.ಎಂ.ಸಿ.ಎ. ಸಂಸ್ಥೆಯ ಶಾಖೆಗಳಿಗೆ ಬೇಕಾದ ಕಾರ್ಯದರ್ಶಿಗಳನ್ನೂ ವ್ಯಾಯಾಮ ಶಿಕ್ಷಕರನ್ನೂ ಸಿದ್ಧಗೊಳಿಸುವ ತರಬೇತಿ ಶಾಲೆ ಅಲ್ಲಿತ್ತು. ಮರುವರ್ಷ ಅವರು ಅಲ್ಲಿಯೇ ಅಧ್ಯಾಪಕರಾದರು. ಕಾರ್ಯದರ್ಶಿಗಳಾಗಲು ಬಂದಿದ್ದ 18 ಮಂದಿಯ ಒಂದು ತರಗತಿಯಿತ್ತು. ಚಳಿಗಾಲದಲ್ಲಿ ಹೊರಗೆ ಆಡುವಂತಿಲ್ಲ. ಒಳಗೆ ಕವಾಯತು, ಡಂಬೆಲ್ಸ್ ಎಂದರೆ ಆ ವಯಸ್ಕರಿಗೆ ಬೇಸರ. ಇಬ್ಬರು ಶಿಕ್ಷಕರು ಈ ತರಗತಿಯ ಮುಂದೆ ಸೋತು ಕೈಚೆಲ್ಲಿದ್ದರು. ವಿಭಾಗದ ಮುಖ್ಯಸ್ಥರಾದ ಲೂಥರ್ ಗ್ಯೂಲಿಕ್ ಅವರು ಆ ಹೊರೆಯನ್ನು ನೇಸ್ಮಿತ್ ಅವರ ಹೆಗಲಿಗೇರಿಸಿ, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಹುಡುಕಲು 14 ದಿನಗಳ ಗಡುವು ಕೊಟ್ಟರು.

ಫುಟ್‌ಬಾಲ್, ಸಾಕರ್, ಲಕ್ರೋಸ್ ಆಟಗಳನ್ನು ಮಾರ್ಪಡಿಸಿ ಒಳಗೆ ತಂದು ನೋಡಿದರು. ಒಂದೊಂದರಲ್ಲೂ ಮೈಕೈಗೆ ಪೆಟ್ಟು, ಇಲ್ಲವೇ ಕಿಟಕಿಗಳಿಗೆ ಅಪಾಯ. ಗಡುವು ಮುಗಿಯುತ್ತ ಬಂದಾಗ ಅವರು ಬೇರೆಯೇ ದಾರಿಯಲ್ಲಿ ಆಲೋಚಿಸಿದರು. ಆಟದಲ್ಲಿ ಒರಟುತನ ಬರುವುದೇಕೆ? ಚೆಂಡು ಹಿಡಿದು ಓಡುವವನನ್ನು ತಡೆದು ಕೆಡವಬೇಕಾಗುವುದರಿಂದ. ಹಾಗಾದರೆ ಚೆಂಡು ಹಿಡಿದವನು ಓಡಲೇಬಾರದು. ನಿಂತಲ್ಲಿಂದಲೇ ಸಂಗಡಿಗನಿಗೆ ಕೊಡಬೇಕು. ಗೋಲು ನೇರವಾಗಿ ಎದುರಿಗಿದ್ದರೆ ಚೆಂಡನ್ನು ರಭಸದಿಂದ ಎಸೆಯುತ್ತಾರೆ. ಅದನ್ನು ತಲೆಯ ಮೇಲೆ ಎತ್ತರದಲ್ಲಿ ಬಾಯಿ ಮೇಲಾಗಿ ಇರಿಸಿದರೆ? ಆಗ ಬಾಲ್ಯದ ಆ ಬಂಡೆಯೂ ಕಮಾನಿನಂತೆ ಎಸೆದ ಕಲ್ಲೂ ಅವರ ನೆನಪಿಗೆ ಬಂದವು. 1891ರ ಡಿಸೆಂಬರ್‌ನಲ್ಲಿ ಕಟ್ಟಡದ ಕಾವಲುಗಾರನನ್ನು ಎರಡು ಪೆಟ್ಟಿಗೆಗಳಿಗಾಗಿ ಕೇಳಿದಾಗ ಅವನ ಬಳಿ ಇದ್ದುದು ಪೀಚ್ ಹಣ್ಣಿನ ಬುಟ್ಟಿಗಳು. ಅವುಗಳನ್ನು ಮೇಲಂಕಣದ ಕಟಕಟೆಗೆ ಮೊಳೆ ಹೊಡೆದು ಬಿಗಿದರು. ಆ ಕಟಕಟೆಯ ಎತ್ತರ ಹತ್ತು ಅಡಿ. ಇಂದಿಗೂ ನಮ್ಮ ಮೈದಾನದ ಬಳೆ ಇರುವುದು ಆ ಎತ್ತರದಲ್ಲಿಯೇ. 13 ನಿಯಮಗಳನ್ನು ಬೆರಳಚ್ಚು ಮಾಡಿಸಿ ಗೋಡೆಗೆ ಅಂಟಿಸಿದರು. ಪಕ್ಷಕ್ಕೆ ಒಂಬತ್ತು ಮಂದಿ. ಅಂದು ಬಿದ್ದುದು ಒಂದೇ ಒಂದು ಗೋಲು.

ಆ 13 ನಿಯಮಗಳಲ್ಲಿ ಆಟಗಾರರ ಮಾತು ಇದೆ, ತೀರ್ಪುಗಾರರ ಮಾತು ಇದೆ. ತರಬೇತುದಾರನ ಪ್ರಸ್ತಾಪವೇ ಇಲ್ಲ. ಆದರೆ ಆಟ ಹಬ್ಬಿದ್ದು ತರಬೇತಿಯಿಂದಲೇ. ಆ ಶಾಲೆಯ ವಿದ್ಯಾರ್ಥಿಗಳು ಕೇವಲ ಆಟಗಾರರಾಗಿರಲಿಲ್ಲ. ನಾಳೆ ಬೇರೆಯವರನ್ನು ನಡೆಸಬೇಕಾದವರು. ಕ್ರಿಸ್ಮಸ್ ರಜೆಗೆ ಊರಿಗೆ ಹೋದವರು ತಮ್ಮ ತಮ್ಮ ಶಾಖೆಗಳಲ್ಲಿ ಆ ಆಟವನ್ನು ಕಲಿಸಿಬಂದರು. 1892ರ ಜನವರಿಯಲ್ಲಿ ಶಾಲೆಯ ಪತ್ರಿಕೆಯಲ್ಲಿ ನಿಯಮಗಳು ಅಚ್ಚಾದವು. ಆ ಮೊದಲ ತರಗತಿಯಲ್ಲಿದ್ದ ಡಂಕನ್ ಪ್ಯಾಟನ್ ಎಂಬವರು 1894ರಲ್ಲಿ ಆಟವನ್ನು ನಮ್ಮ ಭಾರತಕ್ಕೆ ತಂದರು. 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದ ಹ್ಯಾರಿ ಕ್ರೋ ಬಕ್ ಅವರೂ ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ ಕಲಿತವರು.

ನೇಸ್ಮಿತ್ ಅವರು 1894ರಲ್ಲಿ ಮಾಡ್ ಶರ್ಮನ್ ಎಂಬಾಕೆಯನ್ನು ವಿವಾಹವಾದರು. ಆಕೆಯೂ ಈ ಆಟವನ್ನು ಮೊದಮೊದಲು ಆಡಿದ ಮಹಿಳೆಯರಲ್ಲೊಬ್ಬರು. ಬಳಿಕ ಡೆನ್ವರ್ ನಗರದಲ್ಲಿ ವೈದ್ಯಶಾಸ್ತ್ರ ಕಲಿತು 1898ರಲ್ಲಿ ಪದವೀಧರರಾಗಿ, ಅದೇ ವರ್ಷ ಕ್ಯಾನ್ಸಸ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಅವರಿಗೆ ಪ್ರಾರ್ಥನಾಮಂದಿರದ ಹೊಣೆಯೂ ವ್ಯಾಯಾಮ ಶಿಕ್ಷಣದ ಹೊಣೆಯೂ ಒಟ್ಟಿಗೇ ಬಂದವು.

ನಮ್ಮ ಯುವಕನು ಗಮನಿಸಬೇಕಾದುದು ಇದನ್ನು. ಆಟದ ಜನಕರೇ 1907ರವರೆಗೆ ಆ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾಗಿದ್ದು, 55 ಪಂದ್ಯಗಳಲ್ಲಿ ಗೆದ್ದು 60ರಲ್ಲಿ ಸೋತರು. ಆ ವಿಶ್ವವಿದ್ಯಾಲಯದ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿ ಉಳಿದಿರುವುದು ಅವರೊಬ್ಬರ ಲೆಕ್ಕದಲ್ಲಿ ಮಾತ್ರ. ಅವರಿಗೆ ಅದರ ಚಿಂತೆಯೂ ಅಷ್ಟಾಗಿ ಇರಲಿಲ್ಲ. ತಂಡವು ಸ್ವಂತ ಬುದ್ಧಿಯಿಂದ ಆಡಬೇಕು, ಹೊರಗೆ ಕುಳಿತವನು ಸುಮ್ಮನಿರಬೇಕು ಎಂಬುದು ಅವರ ಮತ. ಅವರ ಶಿಷ್ಯರಾದ ಫಾಗ್ ಆಲೆನ್ ಅವರಿಗೆ ಬೇಕರ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತಿ ಕೊಡುವ ಆಹ್ವಾನ ಬಂದಾಗ, ಈ ಆಟವನ್ನು ಆಡುವುದಲ್ಲದೆ ಅದರಲ್ಲಿ ತರಬೇತಿ ಕೊಡುವುದೇನಿದೆ ಎಂದು ನೇಸ್ಮಿತ್ ನಕ್ಕರಂತೆ. ಆಲೆನ್ ಒಪ್ಪಲಿಲ್ಲ. ಹಿಡಿಯುವ, ಎಸೆಯುವ, ಕಾಲೂರಿ ತಿರುಗುವ ಪ್ರತಿಯೊಂದು ಚಲನೆಯನ್ನೂ ಬಿಡಿಸಿ ಕಲಿಸಬಹುದೆಂದು ವಾದಿಸಿ, ಹಾಗೆಯೇ ಕಲಿಸಿ, 1956ರವರೆಗೆ ಅಪಾರ ಕೀರ್ತಿ ಗಳಿಸಿದರು. 1927ರಲ್ಲಿ ತರಬೇತುದಾರರ ರಾಷ್ಟ್ರೀಯ ಸಂಘವನ್ನೂ ಕಟ್ಟಿದರು.

ಇಲ್ಲಿ ನನ್ನ ಮನಸ್ಸು ಶಿಷ್ಯನ ಕಡೆಗೇ ವಾಲುತ್ತದೆ. ಹತ್ತು ವರ್ಷದ ಮಗುವಿಗೆ ಎರಡು ಕಾಲೂರಿ ನಿಲ್ಲುವುದನ್ನು ಯಾರೂ ತೋರಿಸದಿದ್ದರೆ ಅದು ಹೇಗೆ ಕಲಿತೀತು? ಜ್ಞಾನೋಪದೇಶದ ಮಕ್ಕಳಿಗೆ ಶಿಲುಬೆಯ ಗುರುತು ಹಾಕುವುದನ್ನೂ ಕೈಹಿಡಿದೇ ಕಲಿಸುತ್ತೇವಲ್ಲವೇ? ಆದರೆ ಪಂದ್ಯ ಆರಂಭವಾದ ಮೇಲೆ ಅಂಚಿನಲ್ಲಿ ನಿಂತು ಕೂಗಾಡುವುದರ ವಿಷಯದಲ್ಲಿ ಗುರುವಿನ ಮಾತೇ ಸರಿ ಎನಿಸುತ್ತದೆ. ಅಮೆರಿಕದ ಕಾಲೇಜು ನಿಯಮಗಳೂ ಬಹುಕಾಲ ಅದನ್ನೇ ಎತ್ತಿಹಿಡಿದವು: 1910ರಿಂದ ಆಟದ ನಡುವೆ ತರಬೇತಿ ನಿಷಿದ್ಧವಾಗಿದ್ದು, ವಿರಾಮದ ವೇಳೆ ಆಟಗಾರರೊಡನೆ ಮಾತನಾಡಲು ತರಬೇತುದಾರನಿಗೆ ಅನುಮತಿ ದೊರೆತುದು 1940ರ ದಶಕದ ಕೊನೆಗೆ.

ನೇಸ್ಮಿತ್ ಅವರು 1916ರಲ್ಲಿ ಬೋಧಕ ದೀಕ್ಷೆ ಪಡೆದರು. ಸೈನ್ಯದೊಡನೆ ಮೆಕ್ಸಿಕೋ ಗಡಿಗೆ ಹೋಗಿ, ಮೊದಲ ಮಹಾಯುದ್ಧದಲ್ಲಿ ವೈ.ಎಂ.ಸಿ.ಎ. ಪರವಾಗಿ ಫ್ರಾನ್ಸಿನಲ್ಲಿಯೂ ಸೇವೆ ಸಲ್ಲಿಸಿ ಹಿಂದಿರುಗಿದರು. ಆಟದಿಂದ ಅವರು ಸಂಪತ್ತು ಗಳಿಸಲಿಲ್ಲ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿಗೆ ಪದಕದ ಆಟವಾದಾಗ, ಆ ವೃದ್ಧರನ್ನು ಅಲ್ಲಿಗೆ ಕಳುಹಿಸಲು ತರಬೇತುದಾರರ ಸಂಘವು ಚಂದಾ ಎತ್ತಬೇಕಾಯಿತು. ಅವರು ಹುಟ್ಟಿದ ಕೆನಡಾವೂ, 1925ರಲ್ಲಿ ಪೌರತ್ವ ಪಡೆದ ಅಮೆರಿಕವೂ ಕೊನೆಯ ಪಂದ್ಯದಲ್ಲಿ ಮಳೆಯ ಕೆಸರಿನಲ್ಲಿ ಸೆಣಸಿ, 19-8ರಿಂದ ಅಮೆರಿಕ ಗೆದ್ದಿತು.

ಆದರೆ ಅವರ ಶಿಷ್ಯರಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆದವರು ಇನ್ನೊಬ್ಬರು. 1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ನೀಗ್ರೋ ತರುಣನು ವ್ಯಾಯಾಮ ಶಿಕ್ಷಣ ಕಲಿಯಲು ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದನು. ತಂದೆಯ ಸಲಹೆಯಂತೆ ನೇರವಾಗಿ ನೇಸ್ಮಿತ್ ಅವರ ಕೊಠಡಿಗೆ ಹೋಗಿ, ಅವರೇ ತನ್ನ ಮಾರ್ಗದರ್ಶಕರೆಂದು ತಿಳಿಸಿದನು. ಅವರೂ ಹೌದೆಂದರು. ಚರ್ಮದ ಬಣ್ಣದ ಕಾರಣ ವಿಶ್ವವಿದ್ಯಾಲಯದ ತಂಡದಲ್ಲಿ ಅವನಿಗೆ ಸ್ಥಳವಿರಲಿಲ್ಲ. ಆ ತಂಡದ ತರಬೇತುದಾರರು ಆಗ ಆಲೆನ್ ಅವರೇ ಆಗಿದ್ದರೆಂಬುದನ್ನು ಮರೆಮಾಚಲಾಗದು. ನೇಸ್ಮಿತ್ ಅವರು ಆ ಗೋಡೆಯನ್ನು ಕೆಡವಲಿಲ್ಲ. ತಮ್ಮ ಕೈಯಲ್ಲಿದ್ದುದನ್ನು ಮಾತ್ರ ತಡೆಯಿಲ್ಲದೆ ಕೊಟ್ಟರು. ದೇಹರಚನೆಯನ್ನು ಕಲಿಸಿದರು, ಹುಡುಗರ ಆಟವನ್ನು ಜೊತೆಯಲ್ಲಿ ನಿಂತು ನೋಡಿಸಿದರು, ಚೆಂಡು ಇರುವಲ್ಲೆಲ್ಲ ಆಟವಿದೆ, ಇಡೀ ಅಂಗಣವೇ ಆಟದ ಸ್ಥಳವೆಂದು ತೋರಿಸಿಕೊಟ್ಟರು. ಆ ಪಾಠದಿಂದಲೇ ಮೆಕ್‌ಲೆಂಡನ್ ಅವರ ಬಿರುಸಿನ ಆಟದ ಪದ್ಧತಿ ಬೆಳೆಯಿತು.

1936ರಲ್ಲಿ ಪದವಿ ಪಡೆದ ಮೆಕ್‌ಲೆಂಡನ್, ಮರುವರ್ಷ ನಾರ್ತ್ ಕೆರೊಲಿನಾದ ಡರ್ಹಮ್ ನಗರದಲ್ಲಿ ನೀಗ್ರೋ ಜನಾಂಗದ ಕಾಲೇಜೊಂದರಲ್ಲಿ ಸಹಾಯಕ ತರಬೇತುದಾರರಾಗಿ ಕೆಲಸ ಆರಂಭಿಸಿದರು. ನೇಸ್ಮಿತ್ ಅವರು 1939ರ ನವೆಂಬರ್ 28ರಂದು ಕ್ಯಾನ್ಸಸ್‌ನ ಲಾರೆನ್ಸ್ ನಗರದಲ್ಲಿ ತೀರಿಕೊಂಡಾಗ ಆ ಶಿಷ್ಯರು ಇನ್ನೂ ಸಹಾಯಕರೇ. 1940ರಲ್ಲಿ ಮುಖ್ಯ ತರಬೇತುದಾರರಾದರು. 1944ರ ಮಾರ್ಚ್ ತಿಂಗಳ ಒಂದು ಭಾನುವಾರ, ಊರಿನವರೆಲ್ಲ ಚರ್ಚುಗಳಲ್ಲಿದ್ದಾಗ, ಬಾಗಿಲು ಮುಚ್ಚಿಕೊಂಡು ಡ್ಯೂಕ್ ವಿಶ್ವವಿದ್ಯಾಲಯದ ಬಿಳಿಯ ವೈದ್ಯ ವಿದ್ಯಾರ್ಥಿಗಳೊಡನೆ ಅವರ ಹುಡುಗರು ಗುಟ್ಟಾಗಿ ಆಡಿ 88-44ರಿಂದ ಗೆದ್ದರು. ಎರಡು ಜನಾಂಗಗಳು ಕೂಡಿ ಆಡುವುದು ಅಲ್ಲಿ ಆಗ ನಿಷಿದ್ಧ. ಪಂದ್ಯ ಮುಗಿದ ಬಳಿಕ ಎರಡು ಪಕ್ಷಗಳ ಹುಡುಗರೂ ಬೆರೆತು ಮತ್ತೊಂದು ಆಟ ಆಡಿದರು.

ಟೆನೆಸಿಯ ಕಾಲೇಜೊಂದರ ತಂಡವನ್ನು 1957, 1958, 1959ರಲ್ಲಿ ಸತತವಾಗಿ ಮೂರು ಬಾರಿ ರಾಷ್ಟ್ರೀಯ ಪ್ರಶಸ್ತಿಗೆ ಕೊಂಡೊಯ್ದ ಈ ಮಹನೀಯರು ತಮ್ಮ ವಿಶ್ವವಿದ್ಯಾಲಯದ ತಂಡದಲ್ಲಿ ಒಂದು ದಿನವೂ ಆಡಲಾಗದವರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೇಸ್ಮಿತ್ ಅವರ ಹೆಸರಿನಲ್ಲಿರುವ ಕೀರ್ತಿಮಂದಿರಕ್ಕೆ ಅವರನ್ನು 1979ರಲ್ಲಿ ಆಟಕ್ಕೆ ಕಾಣಿಕೆ ಸಲ್ಲಿಸಿದವರೆಂದು ಸೇರಿಸಿಕೊಂಡರು. ತರಬೇತುದಾರರೆಂಬ ಹೆಸರಿನಲ್ಲಿಯೇ ಸೇರಿಸಿಕೊಂಡುದು 2016ರಲ್ಲಿ, ಅವರು ಕಾಲವಾಗಿ 17 ವರ್ಷಗಳಾದ ಮೇಲೆ.