ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ (ಮಾರ್ಚ್ 19, 1876 – ಜುಲೈ 4, 1955) ಭಾರತೀಯ ಕ್ರಿಕೆಟ್ಟಿನ ಆರಂಭಕಾಲದ ಪ್ರಸಿದ್ಧ ಆಟಗಾರರು. ಎಡಗೈ ಸ್ಪಿನ್ ಬೌಲರ್ ಆಗಿದ್ದ ಇವರು ಧಾರವಾಡದಲ್ಲಿ ಜನಿಸಿ, ಪುಣೆ ಮತ್ತು ಮುಂಬೈಗಳಲ್ಲಿ ಆಡಿ ಹೆಸರು ಗಳಿಸಿದರು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಅಖಿಲ ಭಾರತ ತಂಡದ ಅತ್ಯಂತ ಯಶಸ್ವಿ ಬೌಲರ್ ಇವರೇ. ಮೈದಾನದ ಕೆಲಸಗಾರನಾಗಿ ಆರಂಭವಾದ ಇವರ ವೃತ್ತಿ ಹಿಂದೂ ತಂಡದ ಉಪನಾಯಕತ್ವದವರೆಗೆ ಬೆಳೆಯಿತು. ನಾಯಕತ್ವ ಮಾತ್ರ ಇವರಿಗೆ ದೊರೆಯಲಿಲ್ಲ.

ಜನನ ಮತ್ತು ಬಾಲ್ಯ

ಬಾಲೂ ಅವರ ಮನೆತನದ ಮೂಲ ಕೊಂಕಣ ತೀರದ ಪಲ್ವಣ ಗ್ರಾಮ. ಮನೆತನದ ಹೆಸರು ಬಂದದ್ದೂ ಆ ಊರಿನಿಂದಲೇ. ಇವರು ಹುಟ್ಟಿದ ಕಾಲಕ್ಕೆ ಗದಗ, ಮುಂಡರಗಿ ಭಾಗಗಳನ್ನೂ ಒಳಗೊಂಡಿದ್ದ ಧಾರವಾಡ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ಅಸ್ಪೃಶ್ಯವೆಂದು ದೂರ ಇಡಲಾಗಿದ್ದ ಚಮಾರ ಸಮುದಾಯಕ್ಕೆ ಸೇರಿದ ಈ ಕುಟುಂಬಕ್ಕೆ ಸೇನೆಯ ನೌಕರಿ ಆಸರೆಯಾಗಿತ್ತು. ಕುಟುಂಬವು ಪುಣೆಯಲ್ಲಿ ನೆಲೆಸಿದ್ದಾಗ, ಸೇನಾಧಿಕಾರಿಗಳು ಆಡಿ ಬಿಟ್ಟ ಬ್ಯಾಟು ಚೆಂಡುಗಳಿಂದ ಬಾಲೂ ಮತ್ತು ತಮ್ಮ ಶಿವರಾಂ ಆಟ ಕಲಿತರು. ಮುಂದೆ ಗಣಪತ್ ಹಾಗೂ ವಿಠಲ್ ಎಂಬ ತಮ್ಮಂದಿರೂ ಅಣ್ಣಂದಿರ ಹಾದಿಯನ್ನೇ ಹಿಡಿದರು.

ಮೈದಾನದ ಕೆಲಸ

ಬಾಲೂ ಅವರ ಮೊದಲ ಉದ್ಯೋಗ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಕೆಲವೊಮ್ಮೆ ಸದಸ್ಯರ ಅಭ್ಯಾಸಕ್ಕೆ ಚೆಂಡು ಎಸೆಯುವುದು ಇವರ ಕೆಲಸ. ತಿಂಗಳ ಸಂಬಳ 3 ರೂಪಾಯಿ. 1892ರ ಸುಮಾರಿಗೆ ಐರೋಪ್ಯರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿಗೆ ಏರಿತು. ಅಲ್ಲಿ ನೆಟ್ ಕಟ್ಟುವ, ಗೆರೆ ಹಾಕುವ ಕೆಲಸಗಳ ನಡುವೆ ಅಧಿಕಾರಿಗಳಿಗೆ ಬೌಲಿಂಗ್ ಮಾಡುವ ಅವಕಾಶ ದೊರೆಯಿತು. ಆ ಕಾಲದ ಶ್ರೇಷ್ಠ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬರಾದ ಜೆ. ಜಿ. ಗ್ರೆಗ್ ಉಳಿದವರಿಗಿಂತ ಮುಂಚೆ ಮೈದಾನಕ್ಕೆ ಬಂದು ಬಾಲೂ ಅವರ ಎಸೆತಗಳ ಎದುರು ಅಭ್ಯಾಸ ನಡೆಸುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಗ್ರೆಗ್ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯೂ ಪ್ರಚಲಿತದಲ್ಲಿದೆ. ಹೀಗೆ ಸಾವಿರಾರು ಎಸೆತಗಳನ್ನು ಹಾಕಿದ ಬಾಲೂ ಅವರಿಗೆ ಆ ನೆಟ್ಟಿನಲ್ಲಿ ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಇರಲಿಲ್ಲ. ಬ್ಯಾಟಿಂಗು ದೊರೆಗಳ ಆಟ, ಬೌಲಿಂಗು ಆಳಿನ ಕೆಲಸ ಎಂಬುದು ಅಂದಿನ ಭಾವನೆ. ಇವರಿಗೆ ತರಬೇತುದಾರರು ಯಾರೂ ಇರಲಿಲ್ಲ. ಚೆಂಡಿನ ಹಾರಾಟ, ತಿರುವು, ಉದ್ದಳತೆಗಳ ಮೇಲಿನ ಹಿಡಿತವೆಲ್ಲ ಈ ದುಡಿಮೆಯಿಂದಲೇ ಬಂದುದು.

ಪುಣೆಯ ಹಿಂದೂ ತಂಡ

ಐರೋಪ್ಯರ ಮೇಲೆ ಗೆಲ್ಲಬೇಕೆಂಬ ಹಂಬಲವಿದ್ದ ಪುಣೆಯ ಹಿಂದೂ ಕ್ಲಬ್ಬಿನಲ್ಲಿ ಬಾಲೂ ಅವರನ್ನು ಸೇರಿಸಿಕೊಳ್ಳುವ ವಿಚಾರ ಚರ್ಚೆಗೆ ಬಂದಿತು. ಕೆಲವು ಬ್ರಾಹ್ಮಣ ಸದಸ್ಯರು ವಿರೋಧಿಸಿದರು. ಕೊನೆಗೆ ಸೇರಿಸಿಕೊಂಡರಾದರೂ ಅಸ್ಪೃಶ್ಯತೆ ಪೆವಿಲಿಯನ್ನಿನ ಬಾಗಿಲಲ್ಲೇ ಉಳಿಯಿತು. ಮೈದಾನದಲ್ಲಿ ಎಲ್ಲರೂ ಮುಟ್ಟುವ ಚೆಂಡನ್ನೇ ಇವರೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಇವರಿಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಊಟವೂ ಪ್ರತ್ಯೇಕ. ಒಂದೇ ತಂಡದ ಹನ್ನೊಂದು ಜನರಲ್ಲಿ ಒಬ್ಬರು ಹೀಗೆ ಹೊರಗೆ ಕೂರಬೇಕಾದದ್ದು ಆ ಕಾಲಕ್ಕೆ ಅನೇಕರಿಗೆ ವಿಚಿತ್ರವಾಗಿ ಕಾಣಲಿಲ್ಲ.

ಸಾತಾರದಲ್ಲಿ ಐರೋಪ್ಯ ಜಿಮಖಾನಾದ ವಿರುದ್ಧದ ಪಂದ್ಯದಲ್ಲಿ ಬಾಲೂ ಏಳು ವಿಕೆಟ್ ಪಡೆದರು. ಅವರ ಸ್ಪಿನ್ನನ್ನು ನಿಷ್ಫಲಗೊಳಿಸಲು ಆತಿಥೇಯರು ಒಂದು ವಾರ ಕಾಲ ಪಿಚ್ಚಿನ ಮೇಲೆ ರೋಲರ್ ಎಳೆಸಿದ್ದರೆಂದು ಹೇಳಲಾಗುತ್ತದೆ. ಈ ಯಶಸ್ಸಿನ ನಂತರ ಸಮಾಜಸುಧಾರಕ ಮಹಾದೇವ ಗೋವಿಂದ ರಾನಡೆಯವರು ಇವರನ್ನು ಸಾರ್ವಜನಿಕವಾಗಿ ಸನ್ಮಾನಿಸಿದರು.

ಮುಂಬೈ ಮತ್ತು 1906ರ ಗೆಲುವು

1896ರಲ್ಲಿ ಆರಂಭವಾದ ಪ್ಲೇಗಿನ ಹಾವಳಿಯ ಕಾಲದಲ್ಲಿ ಬಾಲೂ ಮುಂಬೈಗೆ ತೆರಳಿದರು. ಸ್ವಲ್ಪ ಕಾಲ ಸೇನೆಯಲ್ಲಿ, ನಂತರ ರೈಲ್ವೆಯಲ್ಲಿ ನೌಕರಿ ಮಾಡುತ್ತ ಹಿಂದೂ ಜಿಮಖಾನಾ ಪರವಾಗಿ ಆಡಿದರು. ಇಲ್ಲಿಯೂ ಮೊದಲು ವಿರೋಧವಿತ್ತು. ಫೆಬ್ರವರಿ 1906ರಲ್ಲಿ ಹಿಂದೂ ತಂಡ ಮುಂಬೈಯಲ್ಲಿ ಐರೋಪ್ಯರನ್ನು 109 ರನ್ನುಗಳಿಂದ ಸೋಲಿಸಿತು. ಹಿಂದೂಗಳು 242 ಮತ್ತು 160, ಐರೋಪ್ಯರು 191 ಮತ್ತು 102 ರನ್ ಗಳಿಸಿದರು. ಬಾಲೂ ಅವರ ಬೌಲಿಂಗ್ ಗೆಲುವಿಗೆ ಮುಖ್ಯ ಕಾರಣವಾಯಿತು. ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ಈ ಗೆಲುವಿಗೆ ಆಟವನ್ನು ಮೀರಿದ ಅರ್ಥ ಬಂದಿತು. ಜಾತಿಯ ಕಟ್ಟು ಸಡಿಲಿಸಿದ್ದರಿಂದ ಬಂದ ಫಲವೆಂದು ಸುಧಾರಕರು ಇದನ್ನು ಎತ್ತಿ ಹಿಡಿದರು.

ಇಂಗ್ಲೆಂಡ್ ಪ್ರವಾಸ

1911ರಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದ ತಂಡ ಇಂಗ್ಲೆಂಡಿಗೆ ಹೋಯಿತು. ಹೆಚ್ಚಿನ ಪಂದ್ಯಗಳಲ್ಲಿ ತಂಡ ಸೋತಿತು. ಆದರೆ 35 ವರ್ಷದ ಬಾಲೂ ಒಟ್ಟು 114 ವಿಕೆಟ್ ಪಡೆದರು. ಇವುಗಳಲ್ಲಿ 75 ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಂದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ 103 ರನ್ನಿಗೆ 8 ವಿಕೆಟ್ ಪಡೆದದ್ದು ಇವರ ಜೀವನದ ಶ್ರೇಷ್ಠ ಸಾಧನೆ. ಹಿಂದಿರುಗಿದಾಗ ಮುಂಬೈಯ ಶೋಷಿತ ಸಮುದಾಯಗಳು ಇವರನ್ನು ಸನ್ಮಾನಿಸಿದವು. ತರುಣ ಅಂಬೇಡ್ಕರರಿಗೆ ಬಾಲೂ ಹೆಮ್ಮೆಯ ವ್ಯಕ್ತಿಯಾಗಿದ್ದರು.

ನಾಯಕತ್ವದ ಪ್ರಶ್ನೆ

ಅನುಭವ, ಸಾಧನೆ ಎರಡರಲ್ಲೂ ತಂಡದ ಹಿರಿಯರಾಗಿದ್ದರೂ ಹಿಂದೂ ತಂಡದ ನಾಯಕತ್ವ ಪ್ರತಿ ಸಲವೂ ಮೇಲ್ಜಾತಿಯವರ ಪಾಲಾಯಿತು. ನಾಯಕರಾಗಿದ್ದ ಎಂ. ಡಿ. ಪೈ ಅವರೇ ಆ ಗೌರವ ಬಾಲೂ ಅವರಿಗೆ ಸಲ್ಲಬೇಕಿತ್ತೆಂದು ಒಪ್ಪಿಕೊಂಡಿದ್ದರು. 1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ ಶಿವರಾಂ ಮತ್ತು ವಿಠಲ್ ಪ್ರತಿಭಟಿಸಿ ತಂಡದಿಂದ ಹಿಂದೆ ಸರಿದರು. ಸಾರ್ವಜನಿಕ ಅಭಿಪ್ರಾಯ ಸಹೋದರರ ಪರವಾಗಿತ್ತು. ಆಡಳಿತಗಾರರು ಮಣಿದು ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ನಾಯಕರು ಮೈದಾನದಿಂದ ಹೊರಗುಳಿದ ಸ್ವಲ್ಪ ಹೊತ್ತು ಅವರೇ ತಂಡವನ್ನು ನಡೆಸಿದರು. ಆ ವೇಳೆಗೆ ಅವರ ವಯಸ್ಸು 44. 1923ರಲ್ಲಿ ವಿಠಲ್ ಹಿಂದೂ ತಂಡದ ನಾಯಕರಾದರು. ಅಣ್ಣನಿಗೆ ತಪ್ಪಿದ್ದು ತಮ್ಮನಿಗೆ ದೊರೆಯಿತು.

ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಬಾಲೂ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದಿದ್ದಾರೆ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆದ್ದರಿಂದ ಇವರ ಹೆಸರು ಟೆಸ್ಟ್ ಆಟಗಾರರ ಪಟ್ಟಿಯಲ್ಲಿಲ್ಲ.

ರಾಜಕೀಯ ಮತ್ತು ಕೊನೆಯ ದಿನಗಳು

ಆಟದಿಂದ ನಿವೃತ್ತರಾದ ನಂತರ ಬಾಲೂ ಸಾರ್ವಜನಿಕ ಜೀವನ ಪ್ರವೇಶಿಸಿದರು. ಪ್ರತ್ಯೇಕ ಮತಕ್ಷೇತ್ರಗಳ ಪ್ರಶ್ನೆಯಲ್ಲಿ ಅಂಬೇಡ್ಕರರಿಂದ ಭಿನ್ನವಾಗಿ ಗಾಂಧೀಜಿಯವರ ನಿಲುವಿಗೆ ಹತ್ತಿರವಾಗಿದ್ದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಇವರೂ ಒಬ್ಬರು. 1937ರ ಮುಂಬೈ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಇವರನ್ನು ಅಂಬೇಡ್ಕರರ ಎದುರು ನಿಲ್ಲಿಸಿತು. ಒಂದು ಕಾಲದ ಅಭಿಮಾನಿಯೇ ಎದುರಾಳಿಯಾದ ಈ ಸ್ಪರ್ಧೆಯಲ್ಲಿ ಅಂಬೇಡ್ಕರರಿಗೆ 13,245, ಬಾಲೂ ಅವರಿಗೆ 11,225 ಮತಗಳು ಬಂದವು.

ಬಾಲೂ 1955ರ ಜುಲೈ 4ರಂದು ಮುಂಬೈಯಲ್ಲಿ ನಿಧನರಾದರು. ಬಹುಕಾಲ ಮರೆವಿಗೆ ಸಂದಿದ್ದ ಇವರ ಬದುಕು 2002ರಲ್ಲಿ ಪ್ರಕಟವಾದ, ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸವನ್ನು ಕುರಿತ ರಾಮಚಂದ್ರ ಗುಹಾ ಅವರ ಗ್ರಂಥದಿಂದ ಮತ್ತೆ ಓದುಗರ ಗಮನಕ್ಕೆ ಬಂದಿತು.