ರಾಗಿ ಲಕ್ಷ್ಮಣಯ್ಯನವರ ನೆನಪು



ಮೇ ತಿಂಗಳ ಪುಟದಲ್ಲಿ ಯಾರ ಜೀವನವನ್ನು ಪರಿಚಯಿಸುವುದು ಎಂದು ಯೋಚಿಸುತ್ತಿದ್ದಾಗ ನಮಗೆ ನೆನಪಾದವರು ರಾಗಿ ಲಕ್ಷ್ಮಣಯ್ಯನವರು. ಅವರು ಹುಟ್ಟಿದ್ದು 1921ರ ಮೇ 15ರಂದು, ತೀರಿಕೊಂಡದ್ದು 1993ರ ಮೇ 14ರಂದು. ಆದ್ದರಿಂದ ಅವರನ್ನು ನೆನೆಯಲು ಇದೇ ಸರಿಯಾದ ತಿಂಗಳು. ಇನ್ನೊಂದು ಕಾರಣವೂ ಇದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಕಳೆದ ರಾಜ್ಯೋತ್ಸವದ ಊಟದ ಬಗ್ಗೆ ಸಮಿತಿ ಕೂತು ಮಾತಾಡುವಾಗ, ಈ ಸಲ ಮುದ್ದೆ ಮಾಡಿಸೋಣ ಎಂದು ಹಿರಿಯ ಸದಸ್ಯರೊಬ್ಬರು ಸಲಹೆ ಕೊಟ್ಟರು. ಕೆಲವರು ನಕ್ಕರು. ಹೊರಗಿನಿಂದ ಬರುವ ಅತಿಥಿಗಳ ಎಲೆಗೆ ಮುದ್ದೆ ಹಾಕಿದರೆ ಸಂಘದ ಮರ್ಯಾದೆ ಏನಾಗಬೇಕು ಎಂದು ಒಬ್ಬರು ಕೇಳಿದರು. ಕಾರ್ಯದರ್ಶಿಗಳಾದ ನಾವು ಸುಮ್ಮನಿದ್ದು ಅನ್ನ, ಚಿತ್ರಾನ್ನ, ಹೋಳಿಗೆ, ಪಾಯಸ ಎಂದು ಪಟ್ಟಿ ಬರೆದೆವು. ಆ ಹಿರಿಯರು ಮತ್ತೆ ಮಾತೆತ್ತಲಿಲ್ಲ. ಅವತ್ತಿನ ನಮ್ಮ ಮೌನ ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತಿದೆ.

ಬಾಗಲೂರು ಕಡೆಯವರಿಗೆ ರಾಗಿ ಏನೆಂದು ಹೇಳಿಕೊಡಬೇಕಾಗಿಲ್ಲ. ನಾವು ಹುಡುಗರಾಗಿದ್ದಾಗ ಮನೆಯಲ್ಲಿ ಎರಡು ಹೊತ್ತೂ ಹಿಟ್ಟೇ. ಹಬ್ಬಕ್ಕೆ, ನೆಂಟರು ಬಂದರೆ ಮಾತ್ರ ಅನ್ನ. ಯಾರಾದರೂ ದೊಡ್ಡವರು ಬಾಗಿಲಿಗೆ ಬಂದರೆ ನಮ್ಮ ತಾಯಿಯವರು ಹಿಟ್ಟಿನ ಪಾತ್ರೆಯನ್ನು ಮರೆಗೆ ಸರಿಸಿ, ಪಕ್ಕದ ಮನೆಯಿಂದ ಒಂದು ಪಾವು ಅಕ್ಕಿ ಸಾಲ ತರುತ್ತಿದ್ದರು. ಅನ್ನ ಉಣ್ಣುವವನು ಮೇಲು, ಹಿಟ್ಟು ಉಣ್ಣುವವನು ಕೀಳು ಎಂಬ ಭಾವನೆ ಅಷ್ಟು ಆಳವಾಗಿತ್ತು. ಕನ್ನಡ ಮಾತ್ರವಲ್ಲ, ತೆಲುಗು, ತಮಿಳು ಮಾತಾಡುವ ಅಕ್ಕಪಕ್ಕದ ಮನೆಗಳಲ್ಲೂ ಹೀಗೇ ಇತ್ತು. ಇದು ಹೊಸ ಮಾತೂ ಅಲ್ಲ. ಕನಕದಾಸರು ಸುಮಾರು 500 ವರ್ಷಗಳ ಹಿಂದೆಯೇ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಶ್ರೀರಾಮನ ತೀರ್ಪನ್ನು ರಾಗಿಯ ಕಡೆ ಕೊಡಿಸಿದ್ದಾರೆ. ತೀರ್ಪು ರಾಗಿಯ ಕಡೆ ಬಂದರೂ ಮರ್ಯಾದೆ ಮಾತ್ರ ಅಕ್ಕಿಗೇ ಉಳಿಯಿತು.

ಯಾರೂ ಮರ್ಯಾದೆ ಕೊಡದ ಈ ಕಾಳಿಗೆ ತಮ್ಮ ಇಡೀ ಬಾಳನ್ನು ಕೊಟ್ಟವರು ಲಕ್ಷ್ಮಣಯ್ಯನವರು.

ಅವರ ಊರು ಮೈಸೂರು ಜಿಲ್ಲೆಯ ಹಾರೋಹಳ್ಳಿ. ವಿಜ್ಞಾನ ಓದಿ ಕೃಷಿ ಇಲಾಖೆಗೆ ಸೇರಿದರು. ಅವರ ಸೇವೆ ನಡೆದದ್ದು ಮಂಡ್ಯದ ಹತ್ತಿರದ ವಿ.ಸಿ. ಫಾರಂನಲ್ಲಿ. ವಿಶ್ವೇಶ್ವರಯ್ಯ ನಾಲೆಯ ಹೆಸರಿನ ಈ ಫಾರಂ ಶುರುವಾದದ್ದು 1931ರಲ್ಲಿ, ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ. ರಾಗಿಯ ತಳಿ ಸುಧಾರಣೆಗೆ ನಮ್ಮ ಸೀಮೆಯಲ್ಲಿ ಮೊದಲು ಕೈ ಹಾಕಿದವರೂ ಕೋಲ್ಮನ್ನರೇ. 1913ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆ ಕೆಲಸ ಆರಂಭವಾಯಿತು. ಆದರೆ ಆಗ ನಡೆದದ್ದು ಹೆಚ್ಚಾಗಿ ಇದ್ದ ರಾಗಿಗಳಲ್ಲೇ ಒಳ್ಳೆಯದನ್ನು ಆರಿಸಿ ಬೆಳೆಸುವ ಕೆಲಸ. ಎರಡು ರಾಗಿಗಳನ್ನು ಕೂಡಿಸಿ ಮೂರನೆಯದನ್ನು ಪಡೆಯುವುದು ಬಹಳ ಕಷ್ಟವಾಗಿತ್ತು.

ಅದು ಏಕೆ ಕಷ್ಟ ಎಂಬುದನ್ನು ಸ್ವಲ್ಪ ಹೇಳಬೇಕು. ರಾಗಿ ಹೂವು ಬಹಳ ಸಣ್ಣದು. ಗಂಡು ಭಾಗ, ಹೆಣ್ಣು ಭಾಗ ಎರಡೂ ಅದೇ ಹೂವಿನಲ್ಲಿರುತ್ತವೆ. ಬೆಳಕು ಹರಿಯುವ ಮೊದಲೇ ಹೂವು ಅರಳಿ, ತನ್ನ ಪರಾಗ ತನಗೇ ತಾಗಿ ಕಾಳು ಕಟ್ಟಿಬಿಡುತ್ತದೆ. ಹೊರಗಿನ ಪರಾಗಕ್ಕೆ ಅವಕಾಶ ಬಹಳ ಕಡಿಮೆ. ಬೇರೆ ತಳಿಯೊಂದಿಗೆ ಕೂಡಿಸಬೇಕಾದರೆ ಆ ಸಣ್ಣ ಹೂವಿನ ಗಂಡು ಭಾಗವನ್ನು ಮೊದಲು ತೆಗೆಯಬೇಕು ಅಥವಾ ಕೆಲಸ ಮಾಡದಂತೆ ಮಾಡಬೇಕು. ಇಲ್ಲವಾದರೆ ಎರಡು ತೆನೆಗಳನ್ನು ಒಟ್ಟಿಗೆ ಕಟ್ಟಿ ಚೀಲ ಮುಚ್ಚಿ, ಅದರಿಂದ ಬಂದ ಸಾವಿರಾರು ಸಸಿಗಳಲ್ಲಿ ನಿಜವಾಗಿ ಕೂಡಿದ್ದು ಯಾವುದೆಂದು ಬಣ್ಣ ನೋಡಿ ಹುಡುಕಬೇಕು. ಹುಡುಕಿದ್ದು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಮುಂದೆ ಏಳೆಂಟು ಬೆಳೆ ಕಾಯಬೇಕು. ಫೈಲು ನೋಡಿ ಕಾಲ ಕಳೆದ ನಮ್ಮಂಥ ಗುಮಾಸ್ತರಿಗೆ ಆ ತಾಳ್ಮೆಯ ಅಂದಾಜು ಅಲ್ಪಸ್ವಲ್ಪ ಆದೀತು.

ಲಕ್ಷ್ಮಣಯ್ಯನವರು ಈ ಕೆಲಸದಲ್ಲಿ ಕೈ ಪಳಗಿಸಿಕೊಂಡರು. ಮೊದಲು ನಮ್ಮ ನಾಡಿನ ತಳಿಗಳಿಂದಲೇ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಹೊರಬಂದವು. ಆಮೇಲೆ ಅವರ ಗಮನ ಆಫ್ರಿಕಾದ ರಾಗಿಯ ಮೇಲೆ ಹೋಯಿತು. ರಾಗಿಯ ಮೂಲ ನೆಲ ಇಥಿಯೋಪಿಯಾ, ಉಗಾಂಡ ಕಡೆಯ ಎತ್ತರದ ಪ್ರದೇಶ ಎಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿನ ರಾಗಿಗೆ ದಪ್ಪ ತೆನೆ, ಗಟ್ಟಿ ಕಡ್ಡಿ, ಬೆಂಕಿ ರೋಗವನ್ನು ತಡೆಯುವ ಗುಣ ಇತ್ತು. ನಮ್ಮ ರಾಗಿ ಇಲ್ಲಿನ ಮಳೆಗೆ, ಮಣ್ಣಿಗೆ ಒಗ್ಗಿತ್ತು. ಇವೆರಡನ್ನೂ ಕೂಡಿಸಿ ಬಂದದ್ದೇ ಇಂಡಾಫ್. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. 1970ರ ದಶಕದಿಂದ ಇಂಡಾಫ್-1, 5, 7, 8, 9 ಹೀಗೆ ಒಂದರ ಹಿಂದೆ ಒಂದು ರೈತರ ಕೈ ಸೇರಿದವು. ತಡವಾಗಿ ಬರುವುದು, ಬೇಗ ಬರುವುದು, ಮುಂಗಾರಿಗೆ ಹೊಂದುವುದು, ಬೇಸಿಗೆಗೆ ಹೊಂದುವುದು ಎಲ್ಲವೂ ಅದರಲ್ಲಿದ್ದವು.

ಆ ಕಾಲ ಹೇಗಿತ್ತು ಎಂಬುದನ್ನು ಹಿರಿಯರು ಮರೆತಿರಲಾರರು. 1965 ಮತ್ತು 1966ರಲ್ಲಿ ಬರ ಬಂದು, ದೇಶ ಅಮೆರಿಕದ ಗೋಧಿಗಾಗಿ ಕಾಯುವಂತಾಗಿತ್ತು. ಸರ್ಕಾರದ ಹಣ, ನೀರು, ಗೊಬ್ಬರ, ಹೆಸರು ಎಲ್ಲ ಗೋಧಿಗೆ ಮತ್ತು ಭತ್ತಕ್ಕೆ ಹರಿಯುತ್ತಿದ್ದಾಗ, ಮಳೆ ನಂಬಿದ ಹೊಲದ ಬಡವನ ಬೆಳೆಯನ್ನು ಹಿಡಿದು ಕೂತವರು ಲಕ್ಷ್ಮಣಯ್ಯನವರಂಥ ಕೆಲವರು ಮಾತ್ರ. ಹಳೆಯ ರಾಗಿಗಿಂತ ಇಂಡಾಫ್ ಬಹಳ ಹೆಚ್ಚು ಇಳುವರಿ ಕೊಟ್ಟಿತು. ರೈತರು ಪ್ರೀತಿಯಿಂದ ಅವರನ್ನು ರಾಗಿ ಲಕ್ಷ್ಮಣಯ್ಯ, ರಾಗಿ ಬ್ರಹ್ಮ ಎಂದು ಕರೆದರು. ರಾಜ್ಯೋತ್ಸವ ಪ್ರಶಸ್ತಿಯೂ ಬಂತು. ಅವರ ಕೆಲಸ ಅವರೊಂದಿಗೆ ಮುಗಿಯಲಿಲ್ಲ. ಇಂದು ನಮ್ಮ ಕಡೆಯ ರೈತರಿಗೆ ಚೆನ್ನಾಗಿ ಗೊತ್ತಿರುವ ಜಿಪಿಯು-28 ತಳಿಯ ಹಿಂದಿನ ಪೀಳಿಗೆಯಲ್ಲಿ ಇಂಡಾಫ್-5 ಮತ್ತು ಇಂಡಾಫ್-9 ಎರಡೂ ಇವೆ.

ಇಲ್ಲಿ ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಆಫ್ರಿಕಾದಿಂದ ಬಂದ ರಾಗಿಯಲ್ಲಿ ಲಕ್ಷ್ಮಣಯ್ಯನವರು ಇಳುವರಿ ಹುಡುಕುತ್ತಿದ್ದ ಕಾಲದಲ್ಲೇ, ಅದೇ ಆಫ್ರಿಕಾದ ಉಗಾಂಡದಲ್ಲಿ ಒಬ್ಬ ವೈದ್ಯರು ಅಲ್ಲಿನ ಜನರ ಊಟವನ್ನು ಗಮನಿಸುತ್ತಿದ್ದರು. ಐರ್ಲೆಂಡಿನಲ್ಲಿ ಹುಟ್ಟಿದ ಡೆನಿಸ್ ಬರ್ಕಿಟ್ ಅವರು 1946ರಲ್ಲಿ ಉಗಾಂಡಕ್ಕೆ ಹೋಗಿ ಸುಮಾರು 20 ವರ್ಷ ಶಸ್ತ್ರಚಿಕಿತ್ಸೆ ಮಾಡಿದರು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದಿನನಿತ್ಯ ಕಾಣುವ ಮಲಬದ್ಧತೆ, ಮೂಲವ್ಯಾಧಿ, ದೊಡ್ಡ ಕರುಳಿನ ರೋಗ, ಬೊಜ್ಜು, ಸಕ್ಕರೆ ರೋಗ ಅಲ್ಲಿನ ಹಳ್ಳಿಗರಲ್ಲಿ ಬಹಳ ಅಪರೂಪವೆಂದು ಅವರಿಗೆ ಕಂಡಿತು. 1972ರಲ್ಲಿ ಅವರು ಮತ್ತು ಜೊತೆಗಾರರು ಪ್ರಕಟಿಸಿದ ಲೆಕ್ಕದ ಪ್ರಕಾರ, ಉಗಾಂಡದ ಹಳ್ಳಿಯವರು ಉಂಡ ಊಟ ಸುಮಾರು ಒಂದೂವರೆ ದಿನದಲ್ಲಿ ಹೊರಹೋಗುತ್ತಿತ್ತು, ಬ್ರಿಟನ್ನಿನವರಲ್ಲಿ ಮೂರು ದಿನಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ವ್ಯತ್ಯಾಸಕ್ಕೆ ಮುಖ್ಯ ಕಾರಣ ಊಟದಲ್ಲಿನ ನಾರು ಎಂದು ಅವರು ಹೇಳಿದರು. ಅವರ ಎಲ್ಲ ಮಾತುಗಳೂ ಹಾಗೆಯೇ ನಿಂತಿಲ್ಲವಾದರೂ, ಊಟದಲ್ಲಿ ನಾರು ಬೇಕು ಎಂಬ ಮಾತನ್ನು ಇಂದು ಯಾವ ವೈದ್ಯರೂ ತಳ್ಳಿಹಾಕುವುದಿಲ್ಲ. ಬರ್ಕಿಟ್ ಅವರು ತೀರಿಕೊಂಡದ್ದು 1993ರ ಮಾರ್ಚಿನಲ್ಲಿ. ಎರಡು ತಿಂಗಳೊಳಗೆ ಮಂಡ್ಯ ಸೀಮೆ ಲಕ್ಷ್ಮಣಯ್ಯನವರನ್ನೂ ಕಳೆದುಕೊಂಡಿತು.

ಒಬ್ಬರು ರಾಗಿಯನ್ನು ಹೊಟ್ಟೆ ತುಂಬುವಷ್ಟು ಬೆಳೆಯುವ ದಾರಿ ತೋರಿಸಿದರು. ಇನ್ನೊಬ್ಬರು ಅಂಥ ಊಟ ಹೊಟ್ಟೆಗೆ ಏಕೆ ಬೇಕು ಎಂದು ತೋರಿಸಿದರು. ಅಷ್ಟರಲ್ಲಿ ನಾವು ಏನು ಮಾಡಿದೆವು? 1950ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ರಾಗಿ ಇತ್ತು, ಈಗ ಸುಮಾರು ಅರ್ಧಕ್ಕೆ ಇಳಿದಿದೆ. ತಮಿಳುನಾಡಿನಲ್ಲಿ 2011ರಿಂದ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಉಚಿತವಾಗಿ ಸಿಗುತ್ತಿದೆ. ಹಸಿದವರಿಗೆ ಅದು ದೊಡ್ಡ ಉಪಕಾರ, ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಮೂರು ಹೊತ್ತೂ ಪಾಲಿಷ್ ಅಕ್ಕಿ, ನಡುವೆ ಬೇಕರಿ ತಿಂಡಿ, ದಿನವೆಲ್ಲ ಕುರ್ಚಿ ಎಂದಾಗ ಮೈ ಸುಮ್ಮನಿರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ತೂಕ ಹೆಚ್ಚಿದವರು ಅಥವಾ ಬೊಜ್ಜು ಇರುವವರು ತಮಿಳುನಾಡಿನಲ್ಲಿ 2015-16ರಲ್ಲಿ 100ಕ್ಕೆ 31 ಮಂದಿ ಇದ್ದರು. 2019-21ರಲ್ಲಿ ಅದು 40 ಆಯಿತು. ಕರ್ನಾಟಕದಲ್ಲಿ 23ರಿಂದ 30ಕ್ಕೆ ಏರಿತು. ಗಡಿಯ ಎರಡೂ ಕಡೆ ಒಂದೇ ಕಥೆ.

ನಮ್ಮ ಕಥೆಯೂ ಅದೇ. 30 ವರ್ಷ ಕುರ್ಚಿಯಲ್ಲಿ ಕೂತು ನಿವೃತ್ತರಾದಾಗ ನಮಗೆ ಸಿಕ್ಕಿದ್ದು ಒಂದು ಶಾಲು, ಒಂದು ಹಾರ ಮತ್ತು ಸಕ್ಕರೆ ಕಾಯಿಲೆ. ಊಟದ ಬಗ್ಗೆ ವೈದ್ಯರು ವಿಚಾರಿಸಿದಾಗ, ಅನ್ನ ಬಿಟ್ಟು ಬೇರೆ ಏನನ್ನೂ ಹೇಳಲು ನಮಗೆ ತೋಚಲಿಲ್ಲ. ತಾಯಿ ಮರೆಗೆ ಸರಿಸುತ್ತಿದ್ದ ಪಾತ್ರೆಯನ್ನು ನಾವು ಮನೆಯಿಂದಲೇ ಆಚೆ ಹಾಕಿದ್ದೆವು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟಿರುವ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಸುಣ್ಣದಂಶ ರಾಗಿಯಲ್ಲಿ 360 ಮಿಲಿಗ್ರಾಂ ದಾಟಿದರೆ ಅಕ್ಕಿಯಲ್ಲಿ 10 ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ 30 ಗ್ರಾಂನಷ್ಟು ನಾರು ಬೇಕು ಎನ್ನುತ್ತಾರೆ. ಬರೀ ಅನ್ನ, ತಿಳಿಸಾರಿನಿಂದ ಅದು ಆಗದ ಮಾತು.

ಹಾಗೆಂದು ರಾಗಿ ಔಷಧಿಯೇನಲ್ಲ. ಮೈಗೆ ಬಲ ಕೊಡುವ ಲೆಕ್ಕದಲ್ಲಿ ರಾಗಿಗೂ ಅಕ್ಕಿಗೂ ಬಹಳ ಅಂತರವಿಲ್ಲ. ನಮ್ಮ ತಾತ ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದರು, ದಿನವೆಲ್ಲ ಗುದ್ದಲಿ ಹಿಡಿಯುತ್ತಿದ್ದರು. ನಮಗೆ ಒಂದು ಚಿಕ್ಕ ಮುದ್ದೆ ಸಾಕು, ಜೊತೆಗೆ ಧಾರಾಳವಾಗಿ ಸೊಪ್ಪಿನ ಬಸ್ಸಾರು, ಹುರುಳಿ ಅಥವಾ ಅವರೆಕಾಳು ಇರಬೇಕು. ಸಕ್ಕರೆ ಸುರಿದ ರಾಗಿ ಮಾಲ್ಟು, ಮೈದಾ ಬೆರೆಸಿದ ರಾಗಿ ಬಿಸ್ಕತ್ತು ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳಿಯೇ ಊಟ ಬದಲಿಸಿಕೊಳ್ಳಿ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದೇ ವರ್ಷ ಪಕ್ಕದ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳಲ್ಲಿ ನ್ಯಾಯಬೆಲೆ ಅಂಗಡಿಗಳ ಮೂಲಕ ಎರಡು ಕಿಲೋ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡಲು ಆರಂಭಿಸಿದರು. ನಮ್ಮ ಕೃಷ್ಣಗಿರಿಯ ಹೊಲಗಳು ಇನ್ನೂ ರಾಗಿ ಬೆಳೆಯುತ್ತಿವೆ. ಲೇಔಟು, ಗುಲಾಬಿ ತೋಟಗಳ ನಡುವೆ ಉಳಿದಿರುವ ಆ ಹೊಲಗಳನ್ನು ಕಂಡಾಗ, ಅಷ್ಟು ಚಿಕ್ಕ ಹೂವಿನ ಮೇಲೆ ಕಣ್ಣಿಟ್ಟು ಬಾಳು ಕಳೆದ ಒಬ್ಬರನ್ನು ನೆನೆಯೋಣ.

ಕೊನೆಯದಾಗಿ ಒಂದು ಪ್ರಕಟಣೆ. ಸಂಘದ ಮುಂದಿನ ಸಭೆಯ ಊಟದ ಪಟ್ಟಿಯನ್ನು ನಾವೇ ಬರೆದಿದ್ದೇವೆ. ಮೊದಲ ಸಾಲಿನಲ್ಲಿ ರಾಗಿಮುದ್ದೆ, ಎರಡನೆಯದರಲ್ಲಿ ಬಸ್ಸಾರು, ಅನ್ನ ಕೊನೆಗೆ. ಅತಿಥಿಗಳಿಗೂ ಇದೇ ಊಟ. ಅಂದು ಸಲಹೆ ಕೊಟ್ಟು ಸುಮ್ಮನಾದ ಹಿರಿಯರು ದಯವಿಟ್ಟು ತಪ್ಪದೆ ಬರಬೇಕು, ಮೊದಲ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂರಬೇಕು ಎಂದು ಕೋರುತ್ತೇವೆ. ಮುದ್ದೆ ತೊಳಸಲು ಬಲವಾದ ತೋಳಿನ ಇಬ್ಬರು ಯುವಕರು ಬೇಕಾಗಿದ್ದಾರೆ, ಹೆಸರು ಕೊಡಿ.

ಇಂತು,
ಕಾರ್ಯದರ್ಶಿ